ಸರ್ವರ್ ನಿಂತರೂ ಸೇವೆ ನಿಲ್ಲದಿರಲು: ಕ್ಲೌಡ್ ಸಂಗ್ರಹಕ್ಕೆ ಮೀಸಲು ಪ್ರತಿ ಮತ್ತು ಸ್ವಯಂಚಾಲಿತ ಫೇಲ್‌ಓವರ್

ದಾಖಲೆಗಳು ಕಪಾಟು ಬಿಟ್ಟು ಸರ್ವರ್ ಸೇರಿದ ಮೇಲೆ ಸಂಸ್ಥೆಗಳ ಕೆಲಸ ಹಗುರವಾಗಿದೆಯಾದರೂ, ಆ ಒಂದು ಸರ್ವರ್ ಕೆಟ್ಟ ದಿನ ಇಡೀ ಕಚೇರಿ ಕೈಕಟ್ಟಿ ಕುಳಿತುಕೊಳ್ಳಬೇಕಾದ ತೊಂದರೆಯೂ ಅದರ ಜೊತೆಯಲ್ಲೇ ಬಂದಿದೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ದಾಖಲೆಗಳನ್ನು ಗಣಕಕ್ಕೆ ತಂದ ಭೂಮಿ ಯೋಜನೆ 2000ದ ಆಸುಪಾಸಿನಲ್ಲಿ ತಾಲ್ಲೂಕು ಕಚೇರಿಗಳನ್ನು ತಲುಪಿದಾಗ ಸರ್ವರ್ ಎಂಬುದು ಹಳ್ಳಿಗರಿಗೆ ಹೊಸ ಮಾತಾಗಿತ್ತು. ಇಂದು ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ’ ಎಂಬ ಉತ್ತರ ಕೇಳದ ಊರೇ ಇಲ್ಲ. ದೊಡ್ಡ ಸರ್ಕಾರಿ ಸೇವೆಗಳ ಹಿಂದೆ ದತ್ತಾಂಶ ಕೇಂದ್ರಗಳೂ ತಂತ್ರಜ್ಞರ ಪಡೆಯೂ ಇರುತ್ತವೆ. ಪತ್ತಿನ ಸಹಕಾರ ಸಂಘ, ಪ್ರೌಢಶಾಲೆ, ನರ್ಸಿಂಗ್ ಹೋಂ, ಬೆಳೆಗಾರರ ಸಂಘಗಳಂಥ ಸಣ್ಣ ಸಂಸ್ಥೆಗಳಿಗೆ ಇರುವುದು ಮೂಲೆಯ ಕೋಣೆಯ ಒಂದು ಸರ್ವರ್ ಮತ್ತು ಕರೆದಾಗ ಬರುವ ಒಬ್ಬ ತಂತ್ರಜ್ಞ ಮಾತ್ರ. ಈ ಲೇಖನ ಅಂಥ ಸಂಸ್ಥೆಗಳಿಗಾಗಿ.

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಲ್ಲಿರುವ ಒಂದು ಸಂಘ ತನ್ನ ಸದಸ್ಯರ ಕಡತಗಳನ್ನು, ಅಂದಾಜು 2 ಟೆರಾಬೈಟ್‌ನಷ್ಟನ್ನು, ನೆಕ್ಸ್ಟ್‌ಕ್ಲೌಡ್‌ನಂಥ ಮುಕ್ತ ತಂತ್ರಾಂಶದ ಮೂಲಕ ಸ್ವಂತ ಸರ್ವರಿನಲ್ಲಿ ಇರಿಸಿಕೊಂಡಿದೆ ಎಂದು ಇಲ್ಲಿ ಮಾದರಿಗಾಗಿ ಭಾವಿಸಲಾಗಿದೆ. ಮುಂಗಾರಿನಲ್ಲಿ ಮರ ಬಿದ್ದು ತಂತಿ ಹರಿಯುವುದು, ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಉಪಕರಣ ಸುಡುವುದು, ರಸ್ತೆ ಅಗೆಯುವಾಗ ಫೈಬರ್ ತುಂಡಾಗುವುದು ಅರೆಮಲೆನಾಡಿನ ಈ ಭಾಗದಲ್ಲಿ ವರ್ಷವರ್ಷವೂ ನಡೆಯುವ ಸಂಗತಿಗಳಾದ್ದರಿಂದ, ಇವುಗಳನ್ನು ಅಪರೂಪದ ಅವಘಡಗಳೆಂದು ಎಣಿಸದೆ ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ವ್ಯವಸ್ಥೆಯನ್ನು ರೂಪಿಸಬೇಕಾಗುತ್ತದೆ.

ಒಂದೇ ಕೆಲಸಕ್ಕೆ ಎರಡು ತಾಣಗಳನ್ನು ಇರಿಸಿಕೊಳ್ಳುವ ಪದ್ಧತಿಗೆ ಉದಾಹರಣೆ ಹಾಸನದಲ್ಲೇ ಇದೆ. ಭೂಸ್ಥಿರ ಕಕ್ಷೆಯ ಉಪಗ್ರಹಗಳನ್ನು ನಿಯಂತ್ರಿಸಲು ಇಸ್ರೊ 1982ರಲ್ಲಿ ಹಾಸನದಲ್ಲಿ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯನ್ನು ಸ್ಥಾಪಿಸಿತು. 2005ರಲ್ಲಿ ಅಂಥದೇ ಇನ್ನೊಂದು ಕೇಂದ್ರ ಭೋಪಾಲದಲ್ಲಿ ಆರಂಭವಾಯಿತು. ಒಂದು ಊರಿಗೆ ಬಂದ ಆಪತ್ತು ಇನ್ನೊಂದು ಊರಿಗೆ ತಟ್ಟಬಾರದೆಂಬ ಈ ತತ್ವವೇ ಸಣ್ಣ ಸಂಸ್ಥೆಯ ಸರ್ವರಿಗೂ ಅನ್ವಯಿಸುತ್ತದೆ. ವ್ಯತ್ಯಾಸವಿರುವುದು ಖರ್ಚಿನಲ್ಲಿ ಮಾತ್ರ.

ಬೆರೆಸಬಾರದ ಮೂರು ಕೆಲಸಗಳು

ರೆಪ್ಲಿಕೇಷನ್ ಎಂದರೆ ಮುಖ್ಯ ಸರ್ವರಿನಲ್ಲಿ ಬರೆದದ್ದನ್ನೆಲ್ಲ ಮೀಸಲು ಸರ್ವರಿನಲ್ಲಿಯೂ ನಿರಂತರವಾಗಿ ಬರೆಯುತ್ತ ಹೋಗುವುದು. ಫೇಲ್‌ಓವರ್ ಎಂದರೆ ಮುಖ್ಯ ಸರ್ವರ್ ನಿಂತಾಗ ಮೀಸಲು ಸರ್ವರ್ ಅದರ ಜಾಗಕ್ಕೆ ಬಂದು ಬಳಕೆದಾರರಿಗೆ ಉತ್ತರಿಸತೊಡಗುವುದು; ಈ ಬದಲಾವಣೆ ಮನುಷ್ಯರ ಕೈ ಸೋಕದೆ ನಡೆದರೆ ಅದು ಸ್ವಯಂಚಾಲಿತ ಫೇಲ್‌ಓವರ್. ಬ್ಯಾಕಪ್ ಎಂದರೆ ಕಳೆದ ಒಂದು ಗೊತ್ತಾದ ಹೊತ್ತಿನ ಸ್ಥಿತಿಯನ್ನು ಆಮೇಲಿನ ಬದಲಾವಣೆಗಳು ಮುಟ್ಟದಂತೆ ಪ್ರತ್ಯೇಕವಾಗಿ ಕಾದಿರಿಸುವುದು. ರೆಪ್ಲಿಕೇಷನ್ ಇದ್ದ ಮೇಲೆ ಬ್ಯಾಕಪ್ ಬೇಕಿಲ್ಲವೆಂಬ ಭಾವನೆ ಬಹಳ ಕಡೆ ಬೇರೂರಿದೆ, ಮತ್ತು ಅದು ಅಪಾಯಕಾರಿಯಾದದ್ದು. ಗುಮಾಸ್ತರು ಒಂದು ಫೋಲ್ಡರನ್ನು ತಪ್ಪಿ ಅಳಿಸಿದರೆ ಆ ಅಳಿಸುವಿಕೆಯೂ ಮರುಕ್ಷಣದಲ್ಲಿ ಮೀಸಲು ಸರ್ವರಿಗೆ ತಲುಪುತ್ತದೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ಹೊಕ್ಕರೆ ಬೀಗ ಬಿದ್ದ ಕಡತಗಳೇ ಅಲ್ಲಿಗೂ ಹೋಗುತ್ತವೆ.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ರೆಪ್ಲಿಕೇಷನ್‌ನ ತೊಡಕನ್ನು ಸರಿಪಡಿಸುತ್ತಿದ್ದ ತಂತ್ರಜ್ಞರೊಬ್ಬರು ಮೀಸಲು ಸರ್ವರೆಂದು ತಿಳಿದು ಮುಖ್ಯ ಸರ್ವರಿನ ದತ್ತಾಂಶವನ್ನೇ ಅಳಿಸಿದರು. ಹಲವು ಬಗೆಯ ಬ್ಯಾಕಪ್‌ಗಳು ಇವೆಯೆಂದು ನಂಬಲಾಗಿತ್ತಾದರೂ ಅವುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬರಲಿಲ್ಲ. ಸುಮಾರು ಆರು ಗಂಟೆಗಳ ಹಿಂದೆ ತೆಗೆದ ಪ್ರತಿಯೊಂದು ಉಳಿದಿದ್ದರಿಂದ ನಷ್ಟ ಅಷ್ಟಕ್ಕೇ ನಿಂತಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಂದ ಹೊತ್ತಿದ ಬೆಂಕಿಗೆ ಸರ್ಕಾರಿ ನೌಕರರ ಕ್ಲೌಡ್ ಸಂಗ್ರಹವಾದ ಜಿ-ಡ್ರೈವ್ ಸುಟ್ಟುಹೋಗಿ, 858 ಟೆರಾಬೈಟ್ ದತ್ತಾಂಶ ಹೊರಗೆಲ್ಲೂ ಪ್ರತಿಯಿಲ್ಲದೆ ನಾಶವಾಯಿತು. ಸಂಗ್ರಹದ ಗಾತ್ರ ತೀರಾ ದೊಡ್ಡದೆಂಬುದೇ ಹೊರಗಿನ ಪ್ರತಿ ಇಡದಿರಲು ನೀಡಿದ ಕಾರಣವಾಗಿತ್ತು. ಗೆಂಡೆಹಳ್ಳಿಯ ಸಂಘಕ್ಕೆ ಆ ನೆಪವೂ ಇಲ್ಲ, ಏಕೆಂದರೆ ಅದರ ಇಡೀ ಸಂಗ್ರಹ ಅಂಗೈಯಲ್ಲಿ ಹಿಡಿಯುವ ಒಂದು ಡಿಸ್ಕಿನಲ್ಲಿ ಕೂರುತ್ತದೆ.

ಎರಡು ಸರ್ವರ್ ಏಕೆ ಸಾಲದು

ಎರಡನೆಯ ಪ್ರತಿ ಮಾಡುವುದು ಸುಲಭ. ಈಗ ಮುಖ್ಯ ಸರ್ವರ್ ಯಾವುದು ಎಂಬುದನ್ನು ತಪ್ಪಿಲ್ಲದೆ ನಿರ್ಧರಿಸುವುದೇ ಈ ವಿದ್ಯೆಯ ಕಷ್ಟದ ಭಾಗ. ಮೀಸಲು ಸರ್ವರ್ ಮುಖ್ಯ ಸರ್ವರಿಗೆ ಸೆಕೆಂಡಿಗೊಮ್ಮೆ ‘ಇದ್ದೀಯಾ’ ಎಂದು ಸಂದೇಶ ಕಳುಹಿಸುತ್ತದೆ ಎಂದಿಟ್ಟುಕೊಂಡರೆ, ಉತ್ತರ ಬಾರದಿರುವುದಕ್ಕೆ ಮುಖ್ಯ ಸರ್ವರ್ ಸತ್ತಿರುವುದೂ ಕಾರಣವಿರಬಹುದು, ನಡುವಿನ ಕೇಬಲ್ ಕಿತ್ತಿರುವುದೂ ಕಾರಣವಿರಬಹುದು. ಮೀಸಲು ಸರ್ವರ್ ಇರುವ ಕಡೆಯಿಂದ ನೋಡಿದರೆ ಈ ಎರಡರಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಕೇಬಲ್ ಕಿತ್ತಾಗ ಮೀಸಲು ಸರ್ವರ್ ಅಧಿಕಾರ ವಹಿಸಿಕೊಂಡರೆ, ಅತ್ತ ಮುಖ್ಯ ಸರ್ವರ್ ಕೂಡ ತನ್ನ ಪಾಡಿಗೆ ಬಳಕೆದಾರರ ಕಡತಗಳನ್ನು ಬರೆದುಕೊಳ್ಳುತ್ತಲೇ ಇದ್ದು, ಒಂದೇ ಖಾತೆಗೆ ಎರಡು ಬೇರೆ ಬೇರೆ ಚರಿತ್ರೆಗಳು ಹುಟ್ಟಿಕೊಳ್ಳುತ್ತವೆ. ಇದಕ್ಕೆ ಸ್ಪ್ಲಿಟ್ ಬ್ರೈನ್ ಎಂದು ಹೆಸರು. ಸರ್ವರ್ ಒಂದು ದಿನ ನಿಂತರೆ ಆಗುವ ನಷ್ಟಕ್ಕಿಂತ ಇದರಿಂದ ಆಗುವ ನಷ್ಟ ದೊಡ್ಡದು, ಏಕೆಂದರೆ ಕೂಡದ ಎರಡು ಲೆಕ್ಕಗಳನ್ನು ಕೂಡಿಸುವ ಯಂತ್ರವಿಲ್ಲ. ಕಡತ ಕಡತವನ್ನೂ ಮನುಷ್ಯರೇ ಕೂತು ಹೋಲಿಸಬೇಕಾಗುತ್ತದೆ.

ಈ ಅಪಾಯಕ್ಕೆ ದೊಡ್ಡ ಸಂಸ್ಥೆಗಳೂ ಹೊರತಲ್ಲ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್ ಸಂಸ್ಥೆಯ ಅಮೆರಿಕ ಪೂರ್ವ ಕರಾವಳಿಯ ದತ್ತಾಂಶ ಕೇಂದ್ರಕ್ಕೆ ಕೇವಲ 43 ಸೆಕೆಂಡುಗಳ ಕಾಲ ಸಂಪರ್ಕ ತಪ್ಪಿತು. ಅಷ್ಟರಲ್ಲಿ ಸ್ವಯಂಚಾಲಿತ ತಂತ್ರಾಂಶ ಪಶ್ಚಿಮ ಕರಾವಳಿಯ ಸರ್ವರುಗಳನ್ನು ಮುಖ್ಯವೆಂದು ಘೋಷಿಸಿಬಿಟ್ಟಿತು. ಪೂರ್ವದಲ್ಲಿ ಬರೆದ ಕೆಲವು ದತ್ತಾಂಶ ಪಶ್ಚಿಮಕ್ಕೆ ಮುಟ್ಟಿರಲಿಲ್ಲ, ಪಶ್ಚಿಮದಲ್ಲಿ ಹೊಸದಾಗಿ ಬರೆದದ್ದು ಪೂರ್ವದಲ್ಲಿ ಇರಲಿಲ್ಲ. ಎಲ್ಲವನ್ನೂ ಹೊಂದಿಸಿ ಸೇವೆಯನ್ನು ಮೊದಲಿನಂತೆ ಮಾಡಲು 24 ಗಂಟೆ 11 ನಿಮಿಷ ಹಿಡಿಯಿತು.

ಪರಿಹಾರ ಇರುವುದು ಬೆಸ ಸಂಖ್ಯೆಯ ಮತಗಳಲ್ಲಿ. ಪಂಚಾಯಿತಿ ಸಭೆಗೆ ಕೋರಂ ಇಲ್ಲದಿದ್ದರೆ ಅಲ್ಲಿ ಕೂತವರು ಯಾವ ನಿರ್ಣಯವನ್ನೂ ಕೈಗೊಳ್ಳುವಂತಿಲ್ಲ. ಹಾಗೆಯೇ ಮೂರು ಮತಗಳ ಗುಂಪಿನಲ್ಲಿ ಎರಡು ಮತ ತನ್ನ ಕಡೆಗಿಲ್ಲದ ಸರ್ವರ್ ಬರೆಯುವ ಕೆಲಸವನ್ನು ನಿಲ್ಲಿಸಲೇಬೇಕು. ತಂತ್ರಾಂಶಗಳಲ್ಲಿಯೂ ಇದಕ್ಕೆ ಕೋರಂ ಎಂದೇ ಹೆಸರು. ಮೂರನೆಯ ಮತಕ್ಕೆ ಇನ್ನೊಂದು ದುಬಾರಿ ಸರ್ವರ್ ಬೇಕಿಲ್ಲ. ದತ್ತಾಂಶವನ್ನೇ ಇಟ್ಟುಕೊಳ್ಳದೆ ಮತವನ್ನಷ್ಟೇ ಹಾಕುವ ಸಣ್ಣ ಯಂತ್ರವೊಂದು ಸಾಕು. ಅದನ್ನು ಸಾಕ್ಷಿ ಎಂದು ಕರೆಯಬಹುದು.

ಕೋರಂ ಜೊತೆಗೆ ಫೆನ್ಸಿಂಗ್ ಕೂಡ ಬೇಕು. ಹೊಸ ಸರ್ವರ್ ಅಧಿಕಾರ ವಹಿಸಿಕೊಳ್ಳುವ ಮುನ್ನ ಹಳೆಯದು ಇನ್ನು ಬರೆಯಲಾರದೆಂಬುದನ್ನು ಖಚಿತಪಡಿಸಿಕೊಳ್ಳುವ, ಅಗತ್ಯಬಿದ್ದರೆ ಅದರ ವಿದ್ಯುತ್ತನ್ನೇ ಕಡಿಯುವ ಕ್ರಮವಿದು. ಅರ್ಧ ಕೆಟ್ಟ ಸರ್ವರ್ ಪೂರ್ತಿ ಸತ್ತ ಸರ್ವರಿಗಿಂತ ಹೆಚ್ಚು ಅಪಾಯಕಾರಿಯಾದ್ದರಿಂದ ಈ ಹೆಜ್ಜೆಯನ್ನು ಬಿಡುವಂತಿಲ್ಲ. ಫೆನ್ಸಿಂಗ್ ಇಲ್ಲದ ಸ್ವಯಂಚಾಲಿತ ಫೇಲ್‌ಓವರ್ ಹಾಕಿಕೊಳ್ಳುವುದಕ್ಕಿಂತ ಫೇಲ್‌ಓವರ್ ಇಲ್ಲದಿರುವುದೇ ಲೇಸು.

ಅಳವಡಿಸುವ ಕ್ರಮ

1. ಎರಡು ಮಿತಿಗಳನ್ನು ಬರೆದಿಡುವುದು. ಎಷ್ಟು ನಿಮಿಷಗಳ ದತ್ತಾಂಶ ಕಳೆದುಹೋದರೆ ತಾಳಿಕೊಳ್ಳಬಹುದು ಎಂಬುದು ನಷ್ಟದ ಮಿತಿ. ಎಷ್ಟು ಹೊತ್ತು ಸೇವೆ ನಿಂತರೆ ತಾಳಿಕೊಳ್ಳಬಹುದು ಎಂಬುದು ನಿಲುಗಡೆಯ ಮಿತಿ. ಶೇ 99.9 ಲಭ್ಯತೆ ಎಂದರೆ ವರ್ಷಕ್ಕೆ ಒಟ್ಟು 8 ಗಂಟೆ 46 ನಿಮಿಷಗಳ ನಿಲುಗಡೆ, ಶೇ 99.99 ಎಂದರೆ ಸುಮಾರು 53 ನಿಮಿಷ. ಮೊದಲನೆಯದರಿಂದ ಎರಡನೆಯದಕ್ಕೆ ಏರಲು ತಗಲುವ ಖರ್ಚು ಬಹಳ. ಹಗಲು ಮಾತ್ರ ತೆರೆದಿರುವ ಸಂಘಕ್ಕೆ ಕಟ್ಟಡದೊಳಗಿನ ತೊಂದರೆಗೆ ಒಂದೆರಡು ನಿಮಿಷ, ಇಡೀ ಆವರಣವೇ ಮುಳುಗಿದರೆ ಅರ್ಧ ದಿನ ಎಂಬ ಗುರಿ ಸಾಕು. ಈ ಮಿತಿಗಳನ್ನು ಆಡಳಿತ ಮಂಡಳಿಯೇ ಠರಾವಿನಲ್ಲಿ ದಾಖಲಿಸುವುದು ಒಳ್ಳೆಯದು, ಏಕೆಂದರೆ ಇದು ಹಣದ ನಿರ್ಧಾರ. ತಂತ್ರಜ್ಞರ ತಲೆಗೆ ಬಿಡುವ ವಿಷಯವಲ್ಲ.

2. ಜಾಗಗಳನ್ನು ಆರಿಸುವುದು. ಮಾದರಿ ಸಂಘಕ್ಕೆ ನಾಲ್ಕು ತಾಣಗಳು ಬೇಕಾಗುತ್ತವೆ. ಮುಖ್ಯ ಮತ್ತು ಮೀಸಲು ಸರ್ವರುಗಳು ಗೆಂಡೆಹಳ್ಳಿಯ ಆವರಣದಲ್ಲೇ, ಆದರೆ ಬೇರೆ ಬೇರೆ ಕಟ್ಟಡಗಳಲ್ಲಿ, ಬೇರೆ ಬೇರೆ ಯುಪಿಎಸ್‌ಗಳ ಮೇಲೆ ಇರಬೇಕು. ಸಾಕ್ಷಿ ಯಂತ್ರ ಬೇಲೂರಿನಲ್ಲಿ ಇರಲಿ. ದೂರದ ಪ್ರತಿ ಅರಸೀಕೆರೆಯಲ್ಲಿ ಇರಲಿ. ಹತ್ತಿರವೆಂದು ಹಳೇಬೀಡನ್ನು ಆರಿಸಿದರೆ, ಅದು ಬೇಲೂರಿನಿಂದ 16 ಕಿಲೋಮೀಟರ್ ಅಷ್ಟೇ ದೂರವಿರುವುದರಿಂದ ಒಂದೇ ಬಿರುಗಾಳಿ ಎರಡೂ ಕಡೆ ಕಂಬ ಉರುಳಿಸಬಹುದು. ಅರಸೀಕೆರೆ ತೆಂಗಿನ ಸೀಮೆಯ ಬಯಲು, ಮಳೆಯ ರೀತಿಯೇ ಬೇರೆ. ಜಿಲ್ಲೆಗೆಲ್ಲ ವಿದ್ಯುತ್ ಹಂಚುವುದು ಸೆಸ್ಕ್ ಒಂದೇ ಆದರೂ ಗೆಂಡೆಹಳ್ಳಿ ಮತ್ತು ಅರಸೀಕೆರೆಯ ತಾಣಗಳಿಗೆ ವಿದ್ಯುತ್ ಬರುವ ಉಪಕೇಂದ್ರಗಳು ಬೇರೆಯೇ ಎಂಬುದನ್ನು ವಿಚಾರಿಸಿ ತಿಳಿದುಕೊಳ್ಳಬೇಕು. ಊರು ಬೇರೆಯೆಂದ ಮಾತ್ರಕ್ಕೆ ಲೈನ್ ಬೇರೆಯೆಂದು ಊಹಿಸಬಾರದು.

3. ಸಂಪರ್ಕವನ್ನು ಗಟ್ಟಿಮಾಡುವುದು. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಬದಲು ಫೈಬರ್ ಎಳೆಯಬೇಕು. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಒಂದು ಕಟ್ಟಡಕ್ಕೆ ಬಡಿದ ಸಿಡಿಲು ಕೇಬಲ್ ಹಿಡಿದು ಇನ್ನೊಂದರ ಸರ್ವರನ್ನು ಸುಡಲಾರದು. ಸರ್ವರುಗಳ ನಡುವಿನ ‘ಇದ್ದೀಯಾ’ ಸಂದೇಶಗಳಿಗೆ ಎರಡು ಬೇರೆ ದಾರಿಗಳಿರಬೇಕು, ಉದಾಹರಣೆಗೆ ನೇರ ಫೈಬರ್ ಒಂದು, ಕಚೇರಿಯ ಸ್ವಿಚ್ ಮೂಲಕ ಇನ್ನೊಂದು. ಹೊರಗಿನ ಇಂಟರ್‌ನೆಟ್‌ಗೆ ಇಬ್ಬರು ಸೇವಾದಾರರನ್ನು ಇರಿಸಿಕೊಂಡು, ಅವರ ಫೈಬರುಗಳು ಒಂದೇ ಕಂಬದ ಸಾಲಿನಲ್ಲಿ ಬರುತ್ತಿಲ್ಲವೆಂಬುದನ್ನು ರಸ್ತೆಯುದ್ದಕ್ಕೂ ನಡೆದು ಕಣ್ಣಾರೆ ನೋಡಬೇಕು. ಹಳ್ಳಿಗಳ ಫೈಬರ್ ಸಂಪರ್ಕಗಳಲ್ಲಿ ಅನೇಕ ಗ್ರಾಹಕರಿಗೆ ಸೇರಿ ಒಂದೇ ಸಾರ್ವಜನಿಕ ವಿಳಾಸ ಇರುವುದುಂಟು. ಆಗ ಹೊರಗಿನಿಂದ ಸರ್ವರನ್ನು ತಲುಪಲಾಗುವುದಿಲ್ಲ. ಸ್ಥಿರ ವಿಳಾಸವನ್ನು ಕೇಳಿ ಪಡೆಯಬೇಕು, ಸಿಗದಿದ್ದರೆ ಬಾಡಿಗೆಯ ಸಣ್ಣ ಸರ್ವರೊಂದಕ್ಕೆ ವೈರ್‌ಗಾರ್ಡ್ ಎಂಬ ಸುರಕ್ಷಿತ ಸುರಂಗ ಸಂಪರ್ಕವನ್ನು ಕಟ್ಟಿ ಅದರ ಮೂಲಕ ಬಳಕೆದಾರರನ್ನು ಒಳಗೆ ತರಬೇಕು. ಗೆಂಡೆಹಳ್ಳಿ, ಬೇಲೂರು, ಅರಸೀಕೆರೆಗಳ ನಡುವಿನ ಮಾತುಕತೆಯೆಲ್ಲ ಇಂಥ ಸುರಂಗದೊಳಗೇ ನಡೆಯಬೇಕು.

4. ಗಡಿಯಾರಗಳನ್ನು ಹೊಂದಿಸುವುದು. ಎಲ್ಲ ಯಂತ್ರಗಳ ಸಮಯವೂ ಒಂದೇ ಆಗಿರದಿದ್ದರೆ ಯಾವ ಘಟನೆ ಮೊದಲು ನಡೆಯಿತೆಂದು ಲಾಗ್ ಕಡತಗಳಿಂದ ಹೇಳಲಾಗುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಲ್ಲಿ ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕೆಂದೂ ಲಾಗ್‌ಗಳನ್ನು 180 ದಿನ ಉಳಿಸಬೇಕೆಂದೂ ಇದೆ.

5. ಹತ್ತಿರದ ಪ್ರತಿಯನ್ನು ಕಟ್ಟುವುದು. ಕ್ಲೌಡ್ ಸಂಗ್ರಹದಲ್ಲಿ ಕಡತಗಳು ಒಂದು ಕಡೆ, ಅವು ಯಾರವು, ಯಾವ ಫೋಲ್ಡರಿನವು ಎಂಬ ವಿವರಗಳ ಡೇಟಾಬೇಸ್ ಇನ್ನೊಂದು ಕಡೆ ಇರುತ್ತವೆ; ಇವೆರಡನ್ನೂ ಬೇರೆ ಬೇರೆ ವಿಧಾನಗಳಲ್ಲಿ ನಕಲಿಸಿದರೆ ಫೇಲ್‌ಓವರ್ ಆದ ಮೇಲೆ ಹೆಸರು ಮಾತ್ರ ಇದ್ದು ಒಳಗೇನೂ ಇಲ್ಲದ ಕಡತಗಳು ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಡಿಸ್ಕಿನ ಮಟ್ಟದಲ್ಲೇ ನಕಲಿಸುವ ಡಿಆರ್‌ಬಿಡಿ ಎಂಬ ತಂತ್ರಾಂಶವನ್ನು ಬಳಸಿ, ಎರಡನ್ನೂ ಅದರ ಮೇಲಿನ ಒಂದೇ ಸಂಗ್ರಹದಲ್ಲಿ ಇಡುವುದು ಸಣ್ಣ ಸಂಸ್ಥೆಗೆ ಸೂಕ್ತ. 2010ರಿಂದ ಲಿನಕ್ಸ್ ಕರ್ನೆಲ್‌ನ ಭಾಗವಾಗಿರುವ ಇದರಲ್ಲಿ ಮೂರು ಬಗೆಗಳಿವೆ. ಎ ಬಗೆಯಲ್ಲಿ ಮುಖ್ಯ ಸರ್ವರ್ ತನ್ನ ಡಿಸ್ಕಿಗೆ ಬರೆದ ಕೂಡಲೇ ಕೆಲಸ ಮುಗಿಯಿತೆನ್ನುತ್ತದೆ. ಬಿ ಬಗೆಯಲ್ಲಿ ಮೀಸಲು ಸರ್ವರಿನ ಮೆಮೊರಿಗೆ ತಲುಪುವವರೆಗೆ ಕಾಯುತ್ತದೆ. ಸಿ ಬಗೆಯಲ್ಲಿ ಮೀಸಲು ಸರ್ವರಿನ ಡಿಸ್ಕಿಗೂ ಬರೆದಾಗುವವರೆಗೆ ಕಾಯುತ್ತದೆ. ಸ್ವಯಂಚಾಲಿತ ಫೇಲ್‌ಓವರ್ ಇರುವ ಕಡೆ ಸಿ ಬಗೆಯನ್ನೇ ಆರಿಸಬೇಕು. ಒಂದೇ ಆವರಣದ ಫೈಬರಿನಲ್ಲಿ ಈ ಕಾಯುವಿಕೆ ಮಿಲಿಸೆಕೆಂಡಿನ ಸಣ್ಣ ಭಾಗವಾದ್ದರಿಂದ ಬಳಕೆದಾರರಿಗೆ ಗೊತ್ತಾಗುವುದೇ ಇಲ್ಲ. ಅದೇ ಸಿ ಬಗೆಯನ್ನು ಅರಸೀಕೆರೆಯವರೆಗೆ ಚಾಚಿದರೆ, ಸೇವಾದಾರರ ಜಾಲದಲ್ಲಿ ದತ್ತಾಂಶ ಬೆಂಗಳೂರನ್ನು ಸುತ್ತಿಕೊಂಡು ಹೋಗುವ ಸಾಧ್ಯತೆ ಇರುವುದರಿಂದ ಪ್ರತಿ ಬಾರಿ ಬರೆಯುವಾಗಲೂ ಹತ್ತಾರು ಮಿಲಿಸೆಕೆಂಡು ಸೇರಿಕೊಂಡು ಇಡೀ ವ್ಯವಸ್ಥೆ ಕುಂಟತೊಡಗುತ್ತದೆ.

6. ಅಧಿಕಾರ ವರ್ಗಾವಣೆಯ ಸರದಿಯನ್ನು ನಿಗದಿಮಾಡುವುದು. ಕೋರೋಸಿಂಕ್ ಎಂಬ ತಂತ್ರಾಂಶ ಯಂತ್ರಗಳ ನಡುವಿನ ಸಂದೇಶ ಮತ್ತು ಮತಗಳನ್ನು ನೋಡಿಕೊಂಡರೆ, ಪೇಸ್‌ಮೇಕರ್ ಎಂಬ ತಂತ್ರಾಂಶ ಯಾವ ಸೇವೆ ಎಲ್ಲಿ ನಡೆಯಬೇಕೆಂದು ನಿರ್ಧರಿಸುತ್ತದೆ. ಮೊದಲು ಡಿಆರ್‌ಬಿಡಿ ಪ್ರೈಮರಿ ಆಗಬೇಕು, ಆಮೇಲೆ ಕಡತ ವ್ಯವಸ್ಥೆ ಮೌಂಟ್ ಆಗಬೇಕು, ಬಳಿಕ ಡೇಟಾಬೇಸ್, ಅನಂತರ ವೆಬ್ ಸೇವೆ, ಕೊನೆಯಲ್ಲಿ ಬಳಕೆದಾರರು ತಲುಪುವ ಐಪಿ ವಿಳಾಸ. ನಿಲ್ಲಿಸುವಾಗ ಇದೇ ಸರದಿ ತಿರುಗುಮುರುಗಾಗಿ ನಡೆಯಬೇಕು. ಆ ವಿಳಾಸ ಯಾವ ಒಂದು ಯಂತ್ರಕ್ಕೂ ಕಾಯಂ ಸೇರಿದ್ದಲ್ಲ, ಅಧಿಕಾರದಲ್ಲಿರುವ ಸರ್ವರಿಗೆ ಅಂಟಿಕೊಳ್ಳುವಂಥದು. ಆದ್ದರಿಂದ ಬಳಕೆದಾರರ ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿ ಏನನ್ನೂ ಬದಲಿಸಬೇಕಾಗುವುದಿಲ್ಲ.

7. ಸಾಕ್ಷಿ ಮತ್ತು ಫೆನ್ಸಿಂಗನ್ನು ಸೇರಿಸುವುದು. ಕೋರೋಸಿಂಕ್‌ನ ಕ್ಯೂಡಿವೈಸ್ ಎಂಬ ಸೌಲಭ್ಯಕ್ಕೆ ಬೇಲೂರಿನಲ್ಲಿ ಒಂದು ರಾಸ್ಪ್‌ಬೆರಿ ಪೈ ಅಥವಾ ಹಳೆಯ ಕಂಪ್ಯೂಟರ್ ಸಾಕು. ಗೆಂಡೆಹಳ್ಳಿಯ ಇಂಟರ್‌ನೆಟ್ ಹೋದರೂ ಅಲ್ಲಿನ ಎರಡು ಸರ್ವರುಗಳು ಒಂದನ್ನೊಂದು ಕಾಣುತ್ತಿರುವುದರಿಂದ ಎರಡು ಮತಗಳ ಬಲದಲ್ಲಿ ಕೆಲಸ ಮುಂದುವರಿಯುತ್ತದೆ. ಎರಡು ಕಟ್ಟಡಗಳ ನಡುವಿನ ಸಂಪರ್ಕ ಪೂರ್ತಿ ಕಡಿದು ಎರಡೂ ಸರ್ವರುಗಳು ಬೇಲೂರನ್ನು ಮಾತ್ರ ಕಾಣುತ್ತಿದ್ದರೆ ಸಾಕ್ಷಿ ಒಂದಕ್ಕೆ ಮಾತ್ರ ಮತ ನೀಡುತ್ತದೆ. ಫೆನ್ಸಿಂಗ್‌ಗೆ ಸರ್ವರಿನ ಐಪಿಎಂಐ ಎಂಬ ದೂರನಿಯಂತ್ರಣ ಭಾಗವನ್ನು ಬಳಸುವುದು ರೂಢಿ. ಆದರೆ ಅದು ಸರ್ವರಿನ ವಿದ್ಯುತ್ತನ್ನೇ ಹಂಚಿಕೊಂಡಿರುವುದರಿಂದ, ಯುಪಿಎಸ್ ಖಾಲಿಯಾಗಿ ಸರ್ವರ್ ಆರಿಹೋದಾಗ ಐಪಿಎಂಐ ಕೂಡ ಉತ್ತರಿಸುವುದಿಲ್ಲ; ‘ಹಳೆಯದು ಸತ್ತಿದೆ’ ಎಂಬ ಖಾತರಿ ಸಿಗದೆ ಮೀಸಲು ಸರ್ವರ್ ಕಾಯುತ್ತಲೇ ನಿಲ್ಲುತ್ತದೆ. ವಿದ್ಯುತ್ ಪದೇ ಪದೇ ಹೋಗುವ ಊರಿನಲ್ಲಿ ಇದು ಸಣ್ಣ ದೋಷವಲ್ಲ. ಇದಕ್ಕೆ ವಾಚ್‌ಡಾಗ್ ಎಂಬ ಯಂತ್ರಾಂಶದ ಗಡಿಯಾರವನ್ನು ಜೊತೆಗೆ ಬಳಸಬೇಕು: ಕೋರಂ ಕಳೆದುಕೊಂಡ ಸರ್ವರ್ ಅದಕ್ಕೆ ಸಂಕೇತ ಕಳುಹಿಸುವುದನ್ನು ನಿಲ್ಲಿಸುತ್ತದೆ, ಗೊತ್ತಾದ ಸೆಕೆಂಡುಗಳು ಕಳೆದೊಡನೆ ವಾಚ್‌ಡಾಗ್ ಆ ಸರ್ವರನ್ನು ಬಲವಂತವಾಗಿ ಮರುಚಾಲನೆ ಮಾಡುತ್ತದೆ. ವಾಚ್‌ಡಾಗ್ ಅವಧಿ 10 ಸೆಕೆಂಡು ಇದ್ದರೆ ಮೀಸಲು ಸರ್ವರ್ 20 ಸೆಕೆಂಡು ಕಾದು ಅಧಿಕಾರ ವಹಿಸಿಕೊಳ್ಳುವಂತೆ ಇಡುವುದು ಸುರಕ್ಷಿತ.

8. ದೂರದ ಪ್ರತಿಯನ್ನು ಕಟ್ಟುವುದು. ಅರಸೀಕೆರೆಗೆ ಗಂಟೆಗೊಮ್ಮೆ ಪ್ರತಿ ಕಳುಹಿಸಿದರೆ ಸಾಕು. ಸಕ್ರಿಯ ಸರ್ವರಿನಲ್ಲಿ ಆ ಕ್ಷಣದ ಸ್ನ್ಯಾಪ್‌ಶಾಟ್ ತೆಗೆದು, ಬದಲಾದ ಭಾಗಗಳನ್ನು ಮಾತ್ರ ಆರ್‌ಸಿಂಕ್ ಎಂಬ ತಂತ್ರಾಂಶದ ಮೂಲಕ ರವಾನಿಸಿ, ರವಾನೆ ಪೂರ್ತಿಯಾದ ಮೇಲೆ ಅರಸೀಕೆರೆಯಲ್ಲಿಯೂ ಒಂದು ಸ್ನ್ಯಾಪ್‌ಶಾಟ್ ತೆಗೆಯಬೇಕು. ಇಲ್ಲದಿದ್ದರೆ ಅರ್ಧಕ್ಕೆ ನಿಂತ ರವಾನೆಯೊಂದು ಅಲ್ಲಿನ ಒಳ್ಳೆಯ ಪ್ರತಿಯನ್ನೂ ಕೆಡಿಸುತ್ತದೆ. ಮೊದಲ ಪ್ರತಿಯನ್ನು ಇಂಟರ್‌ನೆಟ್‌ನಲ್ಲಿ ಕಳುಹಿಸಲು ಹೋಗಬಾರದು: ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ವೇಗವಿದ್ದರೆ 2 ಟೆರಾಬೈಟ್ ತಲುಪಲು ಒಂಬತ್ತು ದಿನಕ್ಕೂ ಹೆಚ್ಚು ಬೇಕು. ಗೂಢಲಿಪಿಯಲ್ಲಿ ಬರೆದ ಡಿಸ್ಕೊಂದನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಅರಸೀಕೆರೆಗೆ ಒಯ್ದರೆ ಕೆಲಸ ಅದೇ ದಿನ ಮುಗಿಯುತ್ತದೆ. ಆಮೇಲಿನ ದಿನನಿತ್ಯದ ಬದಲಾವಣೆ ಕೆಲವೇ ಗಿಗಾಬೈಟ್ ಆಗಿರುತ್ತದೆ. ಅದೇ 20 ಮೆಗಾಬಿಟ್ ವೇಗದಲ್ಲಿ ಗಂಟೆಗೆ ಸುಮಾರು 9 ಗಿಗಾಬೈಟ್ ಹೋಗಬಲ್ಲದು.

ಅರಸೀಕೆರೆಯ ಸರ್ವರ್ ತಾನೇ ತಾನಾಗಿ ಅಧಿಕಾರ ವಹಿಸಿಕೊಳ್ಳುವಂತೆ ಮಾಡಬಾರದು. ಅಲ್ಲಿರುವುದು ಒಂದು ಗಂಟೆಯವರೆಗೆ ಹಳೆಯದಾಗಿರಬಹುದಾದ ಪ್ರತಿ. ಅದನ್ನು ಮುಖ್ಯವೆಂದು ಒಪ್ಪುವುದೆಂದರೆ ಆ ಗಂಟೆಯ ಕೆಲಸವನ್ನು ಬಿಟ್ಟುಕೊಡುವುದು. ಗೆಂಡೆಹಳ್ಳಿಯಲ್ಲಿ ಕರೆಂಟ್ ಅರ್ಧ ಗಂಟೆಯಲ್ಲಿ ಬರುತ್ತದೆಯೋ ಕಟ್ಟಡವೇ ಹೋಗಿದೆಯೋ ಎಂಬುದನ್ನು ಫೋನ್ ಮಾಡಿ ತಿಳಿದುಕೊಳ್ಳಬಲ್ಲ ಮನುಷ್ಯರೇ ಈ ನಿರ್ಧಾರ ಮಾಡಬೇಕು. ಹತ್ತಿರದಲ್ಲಿ ಯಂತ್ರದ ನಿರ್ಧಾರ, ದೂರದಲ್ಲಿ ಮನುಷ್ಯರ ನಿರ್ಧಾರ ಎಂಬುದನ್ನು ಸಣ್ಣ ಸಂಸ್ಥೆಗಳು ಕಟ್ಟುನಿಟ್ಟಾಗಿ ಪಾಲಿಸುವುದು ಉಚಿತ. ನಿರ್ಧರಿಸುವ ಇಬ್ಬರ ಹೆಸರು ಮತ್ತು ಹಂತಗಳ ಪಟ್ಟಿ ಕಾಗದದಲ್ಲಿ ಮುದ್ರಿತವಾಗಿರಬೇಕು, ಏಕೆಂದರೆ ಸರ್ವರಿನಲ್ಲಿಟ್ಟ ಪಟ್ಟಿ ಆ ದಿನ ತೆರೆಯುವುದಿಲ್ಲ.

9. ಬ್ಯಾಕಪ್. ದಿನಕ್ಕೊಮ್ಮೆ, ಹಳೆಯ ಆವೃತ್ತಿಗಳನ್ನು ಗೊತ್ತಾದ ಅವಧಿಯವರೆಗೆ ಯಾರೂ ಅಳಿಸಲಾಗದಂತೆ ಇಡುವ ಸೌಲಭ್ಯವಿರುವ ಬಾಡಿಗೆ ಸಂಗ್ರಹಕ್ಕೆ, ಬೇರೆಯೇ ಪಾಸ್‌ವರ್ಡ್‌ನಲ್ಲಿ. ಗೂಢಲಿಪಿಯ ಕೀಲಿಯ ಒಂದು ಪ್ರತಿ ಬ್ಯಾಂಕ್ ಲಾಕರಿನಲ್ಲಿ ಇರಲಿ.

10. ಎಚ್ಚರಿಕೆಯ ಸಂದೇಶ. ಫೇಲ್‌ಓವರ್ ಚೆನ್ನಾಗಿ ನಡೆದರೆ ಬಳಕೆದಾರರಿಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿಯೇ ಸತ್ತ ಸರ್ವರ್ ತಿಂಗಳುಗಟ್ಟಲೆ ಸತ್ತೇ ಇದ್ದು, ಉಳಿದ ಒಂದೂ ಕೆಟ್ಟ ದಿನ ವಿಷಯ ಹೊರಬೀಳುತ್ತದೆ. ಪ್ರತಿಗಳ ನಡುವಿನ ಸಂಪರ್ಕ ತಪ್ಪಿದಾಗ, ದೂರದ ಪ್ರತಿ ಎರಡು ಗಂಟೆಗಿಂತ ಹಳೆಯದಾದಾಗ, ಡಿಸ್ಕ್ ಶೇ 80 ತುಂಬಿದಾಗ ಮತ್ತು ಫೇಲ್‌ಓವರ್ ನಡೆದಾಗ ಇಬ್ಬರ ಫೋನಿಗೆ ಎಸ್‌ಎಂಎಸ್ ಹೋಗಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕೋರೋಸಿಂಕ್‌ನಲ್ಲಿ ಎರಡೇ ಸರ್ವರುಗಳ ಗುಂಪಿಗೆಂದು ಇರುವ ಸೌಲಭ್ಯವನ್ನು ಆನ್ ಮಾಡಿ, ಫೆನ್ಸಿಂಗ್ ಮಾತ್ರ ‘ಆಮೇಲೆ ನೋಡೋಣ’ ಎಂದು ಆಫ್ ಮಾಡಿಡುವುದು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು. ಆ ಸೌಲಭ್ಯದಲ್ಲಿ ಒಂಟಿಯಾದ ಸರ್ವರ್ ಕೂಡ ತನಗೆ ಕೋರಂ ಇದೆಯೆಂದೇ ತಿಳಿಯುವುದರಿಂದ ಸ್ಪ್ಲಿಟ್ ಬ್ರೈನ್ ಆಗುವುದು ಕೇಬಲ್ ಎಂದು ಕಿತ್ತುಬರುತ್ತದೆ ಎಂಬುದರ ಮೇಲಷ್ಟೇ ನಿಂತಿರುತ್ತದೆ.

ಕಾಯುವ ಅವಧಿಯನ್ನು ಒಂದೆರಡು ಸೆಕೆಂಡಿಗೆ ಇಳಿಸಿದರೆ ಸೇವೆ ಬೇಗ ಮರಳುತ್ತದೆಂಬ ಲೆಕ್ಕವೂ ತಪ್ಪೇ. ಜನರೇಟರಿಗೆ ಬದಲಾಗುವಾಗ ಸ್ವಿಚ್ ಕ್ಷಣಕಾಲ ತಡವರಿಸಿದರೂ ಅಧಿಕಾರ ಅತ್ತಿಂದಿತ್ತ ಹಾರಾಡತೊಡಗುತ್ತದೆ. ಸ್ವಿಚ್ಚಿಗೂ ಯುಪಿಎಸ್ ಕೊಡುವುದು ಈ ಕಾರಣಕ್ಕಾಗಿ ಅವಶ್ಯ. ಸರ್ವರುಗಳಿಗೆ ಯುಪಿಎಸ್ ಇದ್ದು ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿರುವ ಕಚೇರಿಗಳು ಕಡಿಮೆಯೇನಿಲ್ಲ. ಹಾಗೆಯೇ, ಕೆಟ್ಟ ಸರ್ವರ್ ದುರಸ್ತಿಯಾಗಿ ಮರಳಿದ ಕೂಡಲೇ ಅಧಿಕಾರ ತಾನಾಗಿ ಅದಕ್ಕೆ ವಾಪಸಾಗುವಂತೆ ಇಡಬಾರದು. ಮೊದಲು ಅದು ತಪ್ಪಿಹೋದ ದತ್ತಾಂಶವನ್ನು ಪೂರ್ತಿ ಪಡೆದುಕೊಳ್ಳಲಿ. ವಾಪಸಾತಿ ಕಚೇರಿ ಮುಚ್ಚಿದ ಮೇಲೆ, ಮನುಷ್ಯರ ಕಣ್ಣೆದುರಿಗೆ ನಡೆಯಲಿ.

ಎರಡೂ ಸರ್ವರುಗಳಿಗೆ ಒಂದೇ ದಿನ ಒಂದೇ ಅಂಗಡಿಯಿಂದ ಒಂದೇ ತಯಾರಿಕಾ ಕಂತಿನ ಡಿಸ್ಕುಗಳನ್ನು ಕೊಂಡರೆ ಅವು ಹತ್ತಿರ ಹತ್ತಿರದ ಕಾಲದಲ್ಲೇ ಸವೆದು ಕೆಡುವ ಸಂಭವವಿದೆ. ಬೇರೆ ಕಂತಿನ ಅಥವಾ ಬೇರೆ ತಯಾರಕರ ಡಿಸ್ಕುಗಳನ್ನು ಬೆರೆಸುವುದು ಮೇಲು. ಅರಸೀಕೆರೆಗೆ ಬದಲಾಗುವಾಗ ಡೊಮೇನ್ ಹೆಸರಿನ ವಿಳಾಸವನ್ನು ತಿದ್ದಬೇಕಾಗುವುದರಿಂದ, ಅದರ ನೆನಪಿನ ಅವಧಿಯಾದ ಟಿಟಿಎಲ್ ಮೊದಲೇ 300 ಸೆಕೆಂಡು ಅಥವಾ ಅದಕ್ಕೂ ಕಡಿಮೆ ಇರಬೇಕು. ಒಂದು ದಿನವೆಂದು ಇಟ್ಟಿದ್ದರೆ ಕೆಲವು ಬಳಕೆದಾರರು ಮರುದಿನದವರೆಗೂ ಸತ್ತ ಸರ್ವರಿನ ಬಾಗಿಲನ್ನೇ ಬಡಿಯುತ್ತಿರುತ್ತಾರೆ.

ಬಾಡಿಗೆ ಕ್ಲೌಡ್ ಬಳಸುವವರಿಗೆ

ಸ್ವಂತ ಸರ್ವರ್ ಇಲ್ಲದೆ ದೊಡ್ಡ ಕಂಪನಿಗಳ ಸಂಗ್ರಹವನ್ನು ಬಾಡಿಗೆಗೆ ಪಡೆದವರಿಗೆ ಈ ಕೆಲಸಗಳಲ್ಲಿ ಅನೇಕವು ಸಿದ್ಧವಾಗಿಯೇ ಸಿಗುತ್ತವೆ. ಅಮೆಜಾನ್‌ನ ಎಸ್3 ಸಂಗ್ರಹದ ಸಾಮಾನ್ಯ ವರ್ಗದಲ್ಲಿ ಒಂದೇ ಪ್ರದೇಶದ ಕನಿಷ್ಠ ಮೂರು ವಲಯಗಳಲ್ಲಿ ದತ್ತಾಂಶ ಉಳಿಯುತ್ತದೆ. 2016ರಲ್ಲಿ ಆರಂಭವಾದ ಮುಂಬೈ ಪ್ರದೇಶದಿಂದ 2022ರಲ್ಲಿ ಆರಂಭವಾದ ಹೈದರಾಬಾದ್ ಪ್ರದೇಶಕ್ಕೆ ಪ್ರತಿ ಹೋಗುವಂತೆ ಮಾಡಿದರೆ ದೇಶದೊಳಗೇ ಎರಡು ತಾಣಗಳಾಗುತ್ತವೆ. ಇದಕ್ಕೆ ಎರಡೂ ಕಡೆ ವರ್ಷನಿಂಗ್, ಅಂದರೆ ಹಳೆಯ ಆವೃತ್ತಿಗಳನ್ನು ಉಳಿಸುವ ಸೌಲಭ್ಯ, ಆನ್ ಆಗಿರಲೇಬೇಕು. ಬಹುಮಂದಿ ಗಮನಿಸದಿರುವ ಸಂಗತಿಯೆಂದರೆ, ರೆಪ್ಲಿಕೇಷನ್ ನಿಯಮವನ್ನು ಹಾಕಿದ ಮೇಲೆ ಬಂದ ಕಡತಗಳು ಮಾತ್ರ ತಾವಾಗಿ ನಕಲಾಗುತ್ತವೆ, ಮೊದಲೇ ಇದ್ದವುಗಳನ್ನು ಪ್ರತ್ಯೇಕ ಆದೇಶದ ಮೂಲಕ ಕಳುಹಿಸಬೇಕು.

ಕೇಬಲ್ ಕಿತ್ತು ನೋಡುವುದು

ಪರೀಕ್ಷಿಸದ ಫೇಲ್‌ಓವರ್ ಇಲ್ಲದ್ದಕ್ಕೆ ಸಮ. ಪರೀಕ್ಷೆಯನ್ನು ರಜಾದಿನ, ಹೊಸ ಬ್ಯಾಕಪ್ ತೆಗೆದ ಮೇಲೆ ನಡೆಸಬೇಕು. ಒಬ್ಬರು ಮೀಸಲು ಸರ್ವರಿನ ಪರದೆಯ ಮುಂದೆ ಕುಳಿತಿರಲಿ, ಒಬ್ಬರು ಮೊಬೈಲಿನಿಂದ ಕಡತವೊಂದನ್ನು ಏರಿಸುತ್ತಿರಲಿ, ಮೂರನೆಯವರು ಮುಖ್ಯ ಸರ್ವರಿನ ವಿದ್ಯುತ್ ಕೇಬಲನ್ನು ಹಿಂದಿನಿಂದ ಎಳೆಯಲಿ. ಪರದೆಯ ಮೇಲೆ ಡಿಆರ್‌ಬಿಡಿಯ ಸ್ಥಿತಿ ‘ಕನೆಕ್ಟೆಡ್’ ಇದ್ದದ್ದು ‘ಕನೆಕ್ಟಿಂಗ್’ ಆಗುತ್ತದೆ. ಕಾಯುವ ಅವಧಿ ಮುಗಿಯುವವರೆಗೆ ಮೀಸಲು ಸರ್ವರ್ ‘ಸೆಕೆಂಡರಿ’ಯಾಗಿಯೇ ಉಳಿದು, ಆಮೇಲೆ ‘ಪ್ರೈಮರಿ’ ಆಗುತ್ತದೆ. ಒಂದೊಂದೇ ಸೇವೆ ಸರದಿಯಂತೆ ಏಳುತ್ತದೆ. ಏರುತ್ತಿದ್ದ ಕಡತ ನಡುವೆ ತಡೆದು ನಿಂತು ಮತ್ತೆ ಮುಂದುವರಿಯಬೇಕು, ಅಥವಾ ವಿಫಲವಾಯಿತೆಂದು ಸ್ಪಷ್ಟವಾಗಿ ತಿಳಿಸಬೇಕು; ಯಶಸ್ವಿಯಾಯಿತೆಂದು ಹೇಳಿ ಕಡತ ಮಾತ್ರ ಕಾಣದಿದ್ದರೆ ವ್ಯವಸ್ಥೆಯಲ್ಲಿ ದೋಷವಿದೆಯೆಂದು ಅರ್ಥ.

ಎರಡನೆಯ ಪರೀಕ್ಷೆಯಲ್ಲಿ ವಿದ್ಯುತ್ ಹಾಗೆಯೇ ಇರಲಿ, ಜಾಲದ ಕೇಬಲುಗಳನ್ನಷ್ಟೇ ಕೀಳಬೇಕು. ಮೊದಲ ಪರೀಕ್ಷೆಯಲ್ಲಿ ಗೆದ್ದ ವ್ಯವಸ್ಥೆಗಳು ಸೋಲುವುದು ಇಲ್ಲಿಯೇ, ಏಕೆಂದರೆ ಬದುಕಿರುವ ಹಳೆಯ ಸರ್ವರ್ ತಾನಾಗಿ ಹಿಂದೆ ಸರಿಯುತ್ತದೆಯೇ ಎಂಬುದನ್ನು ತೋರಿಸುವುದು ಈ ಪರೀಕ್ಷೆ ಮಾತ್ರ. ಅನಂತರ ಬೇಲೂರಿನ ಸಾಕ್ಷಿಯನ್ನು ಆರಿಸಿ ಸೇವೆ ನಿಲ್ಲದಿರುವುದನ್ನು ನೋಡಬೇಕು. ಕೊನೆಯಲ್ಲಿ ಬ್ಯಾಕಪ್‌ನಿಂದ ಯಾವುದಾದರೂ ಹತ್ತು ಕಡತಗಳನ್ನು ಖಾಲಿ ಕಂಪ್ಯೂಟರಿಗೆ ಮರಳಿಸಿ, ತೆರೆದು ಓದಿ ನೋಡಬೇಕು. ಪ್ರತಿ ಪರೀಕ್ಷೆಯಲ್ಲಿ ಸೇವೆ ಎಷ್ಟು ಸೆಕೆಂಡು ನಿಂತಿತೆಂಬುದನ್ನು ಪುಸ್ತಕದಲ್ಲಿ ದಿನಾಂಕದೊಡನೆ ಬರೆದು, ಮೊದಲ ಹಂತದಲ್ಲಿ ಠರಾವು ಮಾಡಿದ ಮಿತಿಯೊಡನೆ ಹೋಲಿಸಬೇಕು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗೆಂಡೆಹಳ್ಳಿಗೆ ತಂತ್ರಜ್ಞರನ್ನು ಕರೆಸುವುದೂ ಬಿಡಿಭಾಗ ತರಿಸುವುದೂ ತಡವಾಗುತ್ತದೆ. ಸರ್ವರ್ ಇರಿಸಿಕೊಂಡಿರುವ ಪ್ರತಿಯೊಂದು ಸಂಸ್ಥೆಯೂ ಮೇ ತಿಂಗಳ ಒಂದು ಭಾನುವಾರವನ್ನು ಈ ಪರೀಕ್ಷೆಗೆಂದು ಈಗಲೇ ಗೊತ್ತುಮಾಡಿ, ಆಡಳಿತ ಮಂಡಳಿಯ ಸದಸ್ಯರೊಬ್ಬರ ಎದುರಿನಲ್ಲಿಯೇ ಅದನ್ನು ನಡೆಸಬೇಕು.